ಹಕ್ಕು ಬಿಟ್ಟವರ ಊಟ

ಮಾನವ ಹಕ್ಕುಗಳ ತತ್ವವನ್ನು ಪಾಠ ಮಾಡಿ ಹೊಟ್ಟೆ ಹೊರೆದವಳು ನಾನು. ಮೊದಲು ಯಲ್ಲಾಪುರದಲ್ಲಿ, ಆಮೇಲೆ ಶಿರಸಿಯಲ್ಲಿ, ನಿವೃತ್ತಿಯ ತನಕ ಅದೇ ಪಾಠ. ಹಕ್ಕು ಯಾರೋ ಕೊಟ್ಟ ವಸ್ತುವಲ್ಲ, ಆದ್ದರಿಂದ ಯಾರೂ ಅದನ್ನು ಕಸಿಯುವಂತಿಲ್ಲ. ಅಷ್ಟೇ ಅಲ್ಲ, ಹಕ್ಕುಳ್ಳವರು ತಾವಾಗಿಯೂ ಅದನ್ನು ಬಿಟ್ಟುಕೊಡಲಾರರು. ಪುಸ್ತಕ ಹೀಗೆ ಹೇಳುತ್ತದೆ. ಆ ಕೊನೆಯ ಮಾತಿಗೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೇಡಂಗೆ ಇವತ್ತು ಬಿಪಿ ಏರಿದೆ ಎಂದು ಹಿಂದಿನ ಬೆಂಚಿನವರು ಪಿಸುಗುಡುತ್ತಿದ್ದರು. ಬಿಟ್ಟುಕೊಡಲಾರರಂತೆ. ನಮ್ಮ ಮನೆಯಲ್ಲಿ ಬಿಟ್ಟುಕೊಟ್ಟವರಿಗೆ ಬಾಳೆಲೆ ಹಾಸಿ, ಪಾಯಸ ಮಾಡಿ ಬಡಿಸುತ್ತಿದ್ದರು. ಆಸ್ತಿಯ ಹಕ್ಕು ಬೇರೆ, ಮನುಷ್ಯರಾಗಿರುವ ಹಕ್ಕು ಬೇರೆ, ಎರಡನ್ನೂ ಕಲಸಬೇಡಿ ಎಂದು ನನ್ನನ್ನು ತಿದ್ದಿದ ಸಹೋದ್ಯೋಗಿಗಳಿದ್ದಾರೆ. ಅವರೆಲ್ಲ ಗಂಡಸರು, ಒಳ್ಳೆಯವರು, ಅಕ್ಕತಂಗಿಯರ ಸಹಿ ತೆಗೆದುಕೊಂಡವರು. ಪುಸ್ತಕದಲ್ಲಿ ಆ ಎರಡೂ ಬೇರೆಯೇ ಇರಲಿ. ನನ್ನ ಸೋದರತ್ತೆಯ ವಿಷಯದಲ್ಲಿ ಒಂದು ಹೋದಾಗ ಇನ್ನೊಂದೂ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಸಿದ್ದಾಪುರ ತಾಲ್ಲೂಕಿನಲ್ಲಿ, ಮನ್ಮನೆಯ ಹತ್ತಿರ, ಗದ್ದೆ ಬಯಲಿಗೆ ಮುಖ ಮಾಡಿಕೊಂಡಿತ್ತು. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕ ಭತ್ತ ತುಂಬುವ ಪಣತವಿದ್ದ ಕತ್ತಲೆ ಕೋಣೆ, ಹಿಂದೆ ಅಡಿಗೆಮನೆ. ಆ ಮನೆಯಲ್ಲಿ ಯಾರ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಯಾರು ಎಲ್ಲಿ ಕೂರುತ್ತಾರೆ, ಯಾವಾಗ ಉಣ್ಣುತ್ತಾರೆ ಎಂದು ನೋಡಿದರೆ ಸಾಕಿತ್ತು. ಜಗಲಿ ಅಪ್ಪನದು, ಅಪ್ಪನ ಮಾತಿನದು. ಊಟಕ್ಕೆ ಮೊದಲು ಅಜ್ಜ ಮತ್ತು ಅಪ್ಪ. ಅವರ ಮಗ್ಗುಲಿಗೆ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ನನ್ನ ತಮ್ಮ ಗಣಪ. ಆಮೇಲೆ ನಾನು ಮತ್ತು ಅತ್ತೆಯ ಮಗಳು ಲಲಿತಕ್ಕ. ಎಲ್ಲ ಮುಗಿದ ಮೇಲೆ ಅವ್ವ ಮತ್ತು ಗೌರತ್ತೆ, ಅಡಿಗೆಮನೆಯ ನೆಲದ ಮೇಲೆ, ಪಾತ್ರೆ ಓರೆ ಮಾಡಿಕೊಂಡು. ಮೀನು ತಂದ ದಿನ ಅವರ ಪಾಲಿಗೆ ಸಾರು ಇರುತ್ತಿತ್ತು, ಮೀನು ಇರುತ್ತಿರಲಿಲ್ಲ. ಗಣಪನಿಗೆ ಯಾಕೆ ಮೊದಲು ಎಂದು ನಾನು ಜಗಳ ತೆಗೆದದ್ದಕ್ಕೆ ಅವ್ವ ಬಹಳ ಸಮಾಧಾನದಿಂದ ಹೇಳಿದ್ದು ಇಷ್ಟು:

"ಅವ ಮನೆಯವ. ನೀ ನಾಳೆ ಹೋಗೋಳು."

ಎಲ್ಲಿಗೆ ಎಂದು ಹೇಳಲಿಲ್ಲ. ಹೋದವಳು ತಿರುಗಿ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಗೌರತ್ತೆ ಎದುರಿಗೇ ಇದ್ದಳು. ಅಪ್ಪನ ಮೂವರು ತಂಗಿಯರಲ್ಲಿ ನಡುವಿನವಳು. ಹುಲಗೋಳಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಅವಳನ್ನು ಅಲ್ಲಿ ಇರಗೊಡಲಿಲ್ಲ. ಲಲಿತಕ್ಕನ ಕೈ ಹಿಡಿದುಕೊಂಡು ತವರಿಗೆ ಬಂದು ಪಣತದ ಕೋಣೆಯಲ್ಲಿ ಚಾಪೆ ಹಾಸಿದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನನ್ನು ಹಿಡಿದು ಆ ಕೋಣೆಯಲ್ಲಿ ಭತ್ತದ ಧೂಳು ಕುಡಿಯುತ್ತ ಮಲಗಲು ಹೇಳಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ಗೌರತ್ತೆ ಮಾತ್ರ ನಗುತ್ತಲೇ ಇದ್ದಳು. ನಾಟಿಗೆ ಇಳಿದರೆ ಅವಳ ಸಾಲು ಎಲ್ಲರಿಗಿಂತ ಮುಂದೆ. ಹಬ್ಬ ಬಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ ಅವಳು ಎಳೆದ ಗೆರೆಯನ್ನು ನೋಡಲು ಕೇರಿಯ ಹೆಂಗಸರೆಲ್ಲ ಬರುತ್ತಿದ್ದರು.

ಗದ್ದೆ ಆಗಷ್ಟೇ ನಮ್ಮದಾಗಿತ್ತು. ತಲೆತಲಾಂತರದಿಂದ ಗೇಣಿಗೆ ಮಾಡಿದ ಗದ್ದೆ. ಉಳುವವನಿಗೇ ಭೂಮಿ ಎಂದು ಕಾನೂನು ಬಂದ ಮೇಲೆ ಅಪ್ಪ ಅಜ್ಜನ ಹೆಸರಿನಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಒಡೆಯರಿಗೆ ಎದುರಾಗಿ ನಿಂತ. ಅದು ಸಣ್ಣ ಧೈರ್ಯವಲ್ಲ, ಅದನ್ನು ಅಲ್ಲಗಳೆಯುವವಳು ನಾನಲ್ಲ. ಅವರ ಮನೆಯ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಗ ಅವನು. ಆ ದಿನದ ಕಥೆಯನ್ನು ಜಗಲಿಯಲ್ಲಿ ಕೂತು ಎಷ್ಟು ಸಲ ಹೇಳಿದನೆಂದರೆ ನನಗದು ಬಾಯಿಪಾಠವಾಗಿದೆ. ಒಡೆಯರು ನೊಂದ ದನಿಯಲ್ಲಿ ಕೇಳಿದರಂತೆ:

"ನನ್ನ ಹತ್ರ ಬಂದು ಕೇಳಿದ್ರೆ ನಾ ಕೊಡ್ತಿರಲಿಲ್ವನಾ? ಇಷ್ಟು ವರ್ಷದ ಸಂಬಂಧ ಎಂತಕ್ಕೆ ಹಾಳು ಮಾಡ್ಕಂಡೆ?"

ಅಪ್ಪ ಹೇಳಿದನಂತೆ:

"ನೀವು ಕೊಟ್ರೆ ಅದು ದಾನ ಒಡೇರೆ. ನಾ ದಾನ ಕೇಳೂಕೆ ಬರ್ಲಿಲ್ಲ."

ಈ ಮಾತನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳಿದ್ದೇನೆ, ಯಾರದೆಂದು ಹೇಳದೆ. ಹಕ್ಕಿಗೂ ದಯೆಗೂ ಇರುವ ವ್ಯತ್ಯಾಸ ಅದರಲ್ಲಿ ಪೂರ್ತಿ ಇದೆ. ಗೆದ್ದ ಮೇಲೆ ಅಪ್ಪನಿಗೆ ಲೋಕದ ಅನ್ಯಾಯವೆಲ್ಲ ತನ್ನದೇ ಎನಿಸತೊಡಗಿತು. ರೇಡಿಯೋ ಕೊಂಡು ತಂದ. ಆಫ್ರಿಕಾದಲ್ಲಿ ಕರಿಯರನ್ನು ಬಿಳಿಯರು ತುಳಿಯುತ್ತಿದ್ದಾರೆ ಎಂಬ ಸುದ್ದಿ ಬಂದರೆ ಜಗಲಿಯ ಕಂಬಕ್ಕೆ ಗುದ್ದುತ್ತಿದ್ದ. ಅಲ್ಲಿಯವರ ಕಥೆಯೂ ನಮ್ಮ ಕಥೆಯೂ ಒಂದೇ ಎಂದು ಕೇರಿಯವರಿಗೆ ವಿವರಿಸುತ್ತಿದ್ದ. ನಡುವೆ ಒಳಗಿನಿಂದ ಚಹಾ ಬರಬೇಕಿತ್ತು, ಬರುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಉಳುವವನಿಗೇ ಭೂಮಿ ಎಂದರು, ಸರಿ. ಉಳುವುದು ಗಂಡಸರ ಕೆಲಸ. ನೆಡುವುದು, ಕಳೆ ಕೀಳುವುದು, ಕೊಯ್ಯುವುದು ಹೆಂಗಸರ ಕೆಲಸ. ಗೌರತ್ತೆ ಲಂಗ ಎತ್ತಿ ಕಟ್ಟಿಕೊಂಡು ಆ ಕೆಸರಿಗೆ ಮೊದಲ ಸಲ ಇಳಿದಾಗ ಆಗಿನ ನನಗಿಂತಲೂ ಚಿಕ್ಕವಳಾಗಿದ್ದಳಂತೆ. ನೆಡುವವಳಿಗೇ ಭೂಮಿ ಎಂದು ಯಾವ ಮೆರವಣಿಗೆಯಲ್ಲೂ ಯಾರೂ ಕೂಗಲಿಲ್ಲ.

ಗದ್ದೆ ಕೈಗೆ ಬಂದ ಸ್ವಲ್ಪ ದಿನಕ್ಕೇ ಅಜ್ಜ ತೀರಿಕೊಂಡ. ಅಜ್ಜನ ಹೆಸರಿನಲ್ಲಿದ್ದದ್ದು ಅಪ್ಪನೊಬ್ಬನ ಹೆಸರಿಗೆ ಬರಬೇಕಾದರೆ ಮೂವರು ತಂಗಿಯರೂ ತಮಗೆ ಪಾಲು ಬೇಡವೆಂದು ಬರೆದುಕೊಡಬೇಕಿತ್ತು. ನಮ್ಮ ಕಡೆ ಇದನ್ನು ಅನ್ಯಾಯ ಎನ್ನುವುದಿಲ್ಲ, ಅರಿಶಿನ ಕುಂಕುಮಕ್ಕೆ ಬಿಟ್ಟುಕೊಡುವುದು ಎನ್ನುತ್ತಾರೆ. ಅಣ್ಣ ಸೀರೆ, ಕುಪ್ಪಸದ ಕಣ ಕೊಡುತ್ತಾನೆ, ತಂಗಿ ಹೆಬ್ಬೆಟ್ಟು ಒತ್ತುತ್ತಾಳೆ, ತವರಿನ ಬಾಗಿಲು ತೆರೆದಿರುತ್ತದೆ. ಒತ್ತದಿದ್ದರೆ ಬಾಗಿಲು ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಸತ್ತವಳಿಗೆ ಅರಿಶಿನ ಕುಂಕುಮ ಕೊಡುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಹಾಗಾದರೆ ಗೌರತ್ತೆ ಯಾವುದಕ್ಕೆ ಬಿಟ್ಟುಕೊಡಬೇಕಿತ್ತು? ಸಿದ್ದಾಪುರದ ಕಚೇರಿಗೆ ಹೋಗಲು ಬಾಡಿಗೆ ಜೀಪು ಬಂತು. ಹಿರಿಯತ್ತೆ, ಕಿರಿಯತ್ತೆ ಹೂ ಮುಡಿದು ಹತ್ತಿ ಕೂತರು. ಗೌರತ್ತೆ ಅಡಿಗೆಮನೆಯಲ್ಲಿ ಪಾಯಸಕ್ಕೆ ಕಾಯಿ ತುರಿಯುತ್ತ ಕೂತೇ ಇದ್ದಳು. ನಾನು ಪಕ್ಕದಲ್ಲಿ ತುರಿ ಕದ್ದು ತಿನ್ನುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದ.

"ಜೀಪು ಕಾಯ್ತಾ ಅದೆ."

"ನಾ ಬರೂದಿಲ್ಲ ಅಣ್ಣ."

"ಎಂತಕ್ಕೆ?"

"ಅವರಿಬ್ರಿಗೆ ಗಂಡನ ಮನೆ ಅದೆ. ನಂಗೆ ಈ ಪಣತದ ಕೋಣೆ ಬಿಟ್ರೆ ಎಂತ ಅದೆ?"

"ನಿನ್ನ ಹೊರಗೆ ಹಾಕ್ತೆ ಹೇಳಿ ನಾ ಯಾವಾಗಾದ್ರೂ ಹೇಳಿದ್ನಾ? ಬೇಕಾದ್ದು ಕೇಳು. ಕೇಳಿದ್ರೆ ನಾ ಕೊಡೂದಿಲ್ವಾ?"

ಗೌರತ್ತೆ ತುರಿಯುವುದನ್ನು ನಿಲ್ಲಿಸಲಿಲ್ಲ.

"ನೀ ಕೊಟ್ರೆ ಅದು ದಾನ ಅಲ್ದಾ ಅಣ್ಣ?"

ಅಪ್ಪನ ಮುಖ ಕಪ್ಪಿಟ್ಟಿತು. ಒಡೆಯರಿಗೆ ತಾನು ಆಡಿದ ಮಾತು ತನ್ನ ಅಡಿಗೆಮನೆಯೊಳಗೇ ಇತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಹೋಗಿ ಜೀಪು ಹತ್ತಿದ. ಮಧ್ಯಾಹ್ನ ತಿರುಗಿ ಬಂದು ನಡುಮನೆಯಲ್ಲಿ ಇಬ್ಬರೇ ತಂಗಿಯರಿಗೆ ಎಲೆ ಹಾಕಿಸಿ, ಪಂಚೆ ಎತ್ತಿ ಕಟ್ಟಿ, ತಾನೇ ಬಡಿಸಿದ. ಅನ್ನ, ಸಾರು, ಹಪ್ಪಳ, ಪಾಯಸ. ಆ ಮನೆಯಲ್ಲಿ ಗಂಡಸೊಬ್ಬ ಹೆಂಗಸಿಗೆ ಬಡಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅತ್ತೆಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಉಂಡರು. ಅಣ್ಣ ಬಡಿಸಿದ ಪಾಯಸ ಎಂದು ಸಾಯುವ ತನಕ ನೆನೆದರು. ಒಂದು ಸೌಟು ಪಾಯಸಕ್ಕೆ ಅಷ್ಟು ಕೃತಜ್ಞತೆ ಹುಟ್ಟಬೇಕಾದರೆ ಅವರನ್ನು ಹುಟ್ಟಿದಂದಿನಿಂದ ಎಷ್ಟು ಹಸಿವಿನಲ್ಲಿಟ್ಟಿರಬೇಕು, ಯೋಚಿಸಿ.

ಅಪ್ಪ ಗೌರತ್ತೆಗೆ ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತಿದ್ದರೆ ಕೇರಿಯವರು ನಾಲ್ಕು ಮಾತು ಆಡುತ್ತಿದ್ದರು. ಅವನು ಮಾಡಿದ್ದು ಬೇರೆ. ಮರುದಿನ ಬೆಳಿಗ್ಗೆ ಅಂಗಳ ಗುಡಿಸಲು ಅವಳು ಪೊರಕೆ ಎತ್ತಿಕೊಂಡರೆ ಅವ್ವ ಬಂದು ಕಸಿದುಕೊಂಡಳು. ಅಪ್ಪ ಜಗಲಿಯಿಂದ ನೋಡುತ್ತಿದ್ದ.

"ಬೇಡ್ರಿ. ನೀವು ನೆಂಟರು, ಕೂತ್ಕಳ್ರಿ."

ಹುಟ್ಟಿದಂದಿನಿಂದ ನೀನು ಆಗಿದ್ದವಳು ಒಂದು ರಾತ್ರಿಯಲ್ಲಿ ನೀವು ಆದಳು. ಅವಳ ಎಲೆ ಜಗಲಿಗೆ ಬಂತು, ಎಲ್ಲರಿಗಿಂತ ಮೊದಲು ಬಂತು. ಮೀನಿನ ದೊಡ್ಡ ತುಂಡು ಅವಳಿಗೇ. ನೀರು ಸೇದಗೊಡಲಿಲ್ಲ, ಒಲೆ ಮುಟ್ಟಗೊಡಲಿಲ್ಲ, ದನಕ್ಕೆ ಹುಲ್ಲು ಹಾಕಗೊಡಲಿಲ್ಲ. ನಾಟಿಯ ಕಾಲ ಬಂದಾಗ ಅವಳ ಸಾಲಿಗೆ ತ್ಯಾಗಲಿ ಕಡೆಯಿಂದ ಕೂಲಿಯವಳನ್ನು ಕರೆಸಿದರು. ತಂಗಿಯನ್ನು ಎಷ್ಟು ಚಲೋ ನೋಡಿಕೊಳ್ಳುತ್ತಾನೆ ಎಂದು ದಾರಿಯಲ್ಲಿ ಹೋಗುವವರು ಅಪ್ಪನನ್ನು ಹೊಗಳಿದರು. ನೆಂಟರಿಗೆ ಇರುವುದು ಒಂದೇ ಕೆಲಸ, ಹೊರಡುವುದು. ಅದನ್ನು ಯಾರೂ ಹೇಳಬೇಕಾಗಿಲ್ಲ, ದಿನವೂ ಬಡಿಸಿದರೆ ಸಾಕು. ಗೌರತ್ತೆ ಜಗಲಿಯ ಮೂಲೆಯಲ್ಲಿ ಕೈ ಕಟ್ಟಿಕೊಂಡು ಗದ್ದೆ ನೋಡುತ್ತ ಕೂರುತ್ತಿದ್ದಳು. ಅವಳ ಕೈ ಸುಮ್ಮನೆ ಇದ್ದದ್ದನ್ನು ನಾನು ಅಲ್ಲಿಯ ತನಕ ನೋಡಿರಲೇ ಇಲ್ಲ. ಒಂದು ಜೀವವನ್ನು ಹೀಗೂ ಮನೆಯಿಂದ ಕೀಳಬಹುದು ಎಂದು ಯಾವ ಕಾನೂನಿನ ಪುಸ್ತಕವೂ ನನಗೆ ಕಲಿಸಲಿಲ್ಲ.

ಹಾಗೆ ಮಳೆಗಾಲ ಕಳೆದು ಭೂಮಿ ಹುಣ್ಣಿಮೆ ಬಂತು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ ಬಡಿಸುವ ಹಬ್ಬ ಅದು. ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಗೆರೆಯಲ್ಲಿ ಚಿತ್ರ ಬರೆಯುವುದು ಹೆಂಗಸರು. ಕಡುಬು, ಬುತ್ತಿ, ನಾನಾ ಸೊಪ್ಪು ಬೆರೆಸಿ ಬೇಯಿಸಿದ ಚರಗ ಮಾಡುವುದೂ ಹೆಂಗಸರು. ಬೆಳಕು ಹರಿಯುವ ಮೊದಲು ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ಹೋಗುವುದು ಮಾತ್ರ ಮನೆಯ ಯಜಮಾನ. ತಲೆಗೆ ಏರಿದ ಬುಟ್ಟಿಯನ್ನು ಗದ್ದೆ ಮುಟ್ಟುವ ತನಕ ನೆಲಕ್ಕೆ ಇಳಿಸುವಂತಿಲ್ಲ, ಹೊತ್ತವರನ್ನು ತಡೆಯುವಂತಿಲ್ಲ. ಆ ವರ್ಷ ಗೌರತ್ತೆಯನ್ನು ಬುಟ್ಟಿ ಬರೆಯಲು ಕರೆಯಲಿಲ್ಲ. ಅವ್ವ ಬರೆದಳು, ಗೆರೆ ಸೊಟ್ಟಸೊಟ್ಟಾಗಿ ಬಂತು. ಮುಂಜಾನೆ ಬುಟ್ಟಿ ತುಂಬಿ ನಡುಮನೆಯಲ್ಲಿಟ್ಟು, ಅಪ್ಪ ಜಾಗಟೆ ಹುಡುಕಲು ಅಂಗಳಕ್ಕೆ ಇಳಿದಿದ್ದ. ಗೌರತ್ತೆ ಜಗಲಿಯಿಂದ ಎದ್ದು ಒಳಗೆ ಬಂದಳು. ಸಿಂಬಿ ಸುತ್ತಿ ತಲೆಗಿಟ್ಟಳು. ಬುಟ್ಟಿಯನ್ನು ಒಬ್ಬಳೇ ಎತ್ತಿ ಅದರ ಮೇಲೆ ಇಟ್ಟುಕೊಂಡು ಮೆಟ್ಟಿಲು ಇಳಿದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಇಳಿಸೆ ಅದನ್ನ," ಅಪ್ಪ ಅಂದ.

"ಇಳಿಸೂ ಹಾಂಗಿಲ್ಲ ಅಣ್ಣ. ನಿಂಗೇ ಗೊತ್ತದೆ."

ಅಪ್ಪ ದಾರಿಗೆ ಅಡ್ಡ ನಿಂತ. ಅವಳು ನಿಲ್ಲಲಿಲ್ಲ. ಬುಟ್ಟಿ ಅವನ ಮುಖದ ಹತ್ತಿರ ಬಂದಾಗ ಅವನೇ ಪಕ್ಕಕ್ಕೆ ಸರಿದ. ಮಂಡಳಿಯ ಎದುರು, ಒಡೆಯರ ಎದುರು ಸರಿಯದವನು ಒಂದು ಬುಟ್ಟಿಗೆ ಸರಿದು, ಜಾಗಟೆ ಬಾರಿಸುತ್ತ ಅವಳ ಹಿಂದೆ ನಡೆದ. ನಾವೆಲ್ಲ ಅವನ ಹಿಂದೆ. ಗದ್ದೆಯ ಬದುವಿನಲ್ಲಿ ಬುಟ್ಟಿ ಇಳಿಸಿ, ಭತ್ತದ ಬುಡಕ್ಕೆ ಹೂ ಏರಿಸಿ, ಕಡುಬನ್ನು ಮಣ್ಣಿನಲ್ಲಿ ಹುಗಿದು, ಅವಳು ಚರಗ ಬೀರತೊಡಗಿದಳು. ಬೀರುವಾಗ ಯಾರ ಪಾಲು ಎಂದು ಹೇಳಬೇಕು, ಅದು ಮನೆಯ ರೂಢಿ. ಇಲಿಗೆ, ಎಂದು ಒಂದು ಹಿಡಿ. ಕಾಗೆಗೆ, ಎಂದು ಒಂದು ಹಿಡಿ. ಗುಬ್ಬಿಗೆ, ಎಂದು ಇನ್ನೊಂದು. ಅಷ್ಟಕ್ಕೆ ಮುಗಿಯಬೇಕಿತ್ತು. ಅವಳು ಮತ್ತೊಂದು ಹಿಡಿ ತೆಗೆದು ಬಾಳೆಲೆಯ ತುಂಡಿಗೆ ಹಾಕಿಕೊಂಡಳು.

"ಗೌರಿಗೆ," ಅಂದಳು.

ಬದುವಿನ ಮೇಲೆ ಕೂತು ಉಂಡಳು. ನಾವು ನಿಂತು ನೋಡಿದೆವು. ಭೂಮಿಯನ್ನು ತಾಯಿ ಎನ್ನುತ್ತೀರಿ, ಬಸುರಿ ಎನ್ನುತ್ತೀರಿ, ಅವಳ ಬಯಕೆ ತೀರಿಸುತ್ತೀರಿ, ಅವಳ ಹೊಲದಲ್ಲಿ ಇಲಿಗೂ ಪಾಲು ಇಡುತ್ತೀರಿ. ಮಗಳಿಗೆ ಇಲ್ಲ. ಇದನ್ನು ನಾನು ಅವತ್ತು ಇಷ್ಟು ಮಾತಿನಲ್ಲಿ ಯೋಚಿಸಲಿಲ್ಲ. ಅವಳು ಉಣ್ಣುವುದನ್ನು ನೋಡಿ ನನಗೆ ಜೋರು ಹಸಿವಾಯಿತು, ಅಷ್ಟೇ ನೆನಪಿದೆ. ಮನೆಗೆ ಬಂದವಳೇ ಗೌರತ್ತೆ ಪೊರಕೆ ತೆಗೆದುಕೊಂಡು ಅಂಗಳ ಗುಡಿಸಿದಳು. ಯಾರೂ ಕಸಿಯಲಿಲ್ಲ.

ಗೌರತ್ತೆ ಗೆದ್ದಳು ಎಂದು ನಾನು ತಿಳಿದೆ. ಅಪ್ಪನಿಗೆ ಅವಸರವಿರಲಿಲ್ಲ ಎಂದು ತಿಳಿಯಲಿಲ್ಲ. ಲಲಿತಕ್ಕನಿಗೆ ಮದುವೆ ಗೊತ್ತಾಗುವ ತನಕ ಅವನು ಕಾದ. ನಮ್ಮಲ್ಲಿ ಧಾರೆಗೆ ಹುಡುಗಿಯನ್ನು ಕರೆತರುವವನು ಸೋದರಮಾವ. ಅವನಿಲ್ಲದ ಚಪ್ಪರಕ್ಕೆ ಗಂಡಿನ ಕಡೆಯವರು ಕಾಲಿಡುವುದಿಲ್ಲ. ಚಪ್ಪರ ಹಾಕುವ ವಾರ ಅಪ್ಪ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ.

"ಮೈಗೆ ಹುಷಾರಿಲ್ಲೆ," ಅಂದ. "ಮದುವೆಗೆ ಬರೂಕೆ ಆಗ್ತದೋ ಇಲ್ವೋ."

ಅಷ್ಟೇ. ಸಿಟ್ಟಿಲ್ಲ, ಬೆದರಿಕೆ ಇಲ್ಲ. ಗೌರತ್ತೆ ಆ ದಿನವೆಲ್ಲ ಕೆಲಸ ಮಾಡಿದಳು. ಮರುದಿನ ಬೆಳಿಗ್ಗೆ ಸೀರೆ ಬದಲಿಸಿ ಬಂದು, ಜೀಪಿಗೆ ಹೇಳು ಅಣ್ಣ ಎಂದಳು. ಅವನ ಮೈ ಅಲ್ಲಿಗೇ ಹುಷಾರಾಯಿತು. ಮಧ್ಯಾಹ್ನ ನಡುಮನೆಯಲ್ಲಿ ಒಂದೇ ಎಲೆ ಹಾಕಿದರು. ಅಪ್ಪ ಪಂಚೆ ಎತ್ತಿ ಕಟ್ಟಿ ತಾನೇ ಬಡಿಸಿದ, ಸಾಕು ಎಂದರೂ ಬಿಡದೆ ಪಾಯಸ ಹಾಕಿದ. ಅವಳ ಹೆಬ್ಬೆಟ್ಟಿನ ಶಾಯಿ ಇನ್ನೂ ಹೋಗಿರಲಿಲ್ಲ, ಅದೇ ಕೈಯಲ್ಲಿ ಕಲಸಿ ಉಂಡಳು. ಅಳಲಿಲ್ಲ. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳುವ ಹಾಗೆಯೇ ಹೇಳಿದಳು:

"ಪಾಯಸ ಚಲೋ ಆಗ್ಯದೆ. ನೀ ಮಾತ್ರ ಉಣ್ಬೇಡ."

ಆಮೇಲೆ ಅವಳನ್ನು ಯಾರೂ ನೆಂಟರೆನ್ನಲಿಲ್ಲ. ಮತ್ತೆ ನೀನು ಆದಳು, ಮತ್ತೆ ಕೊನೆಗೆ ಉಂಡಳು. ಗಣಪನ ಮದುವೆಯಾದಾಗ ಪಣತದ ಕೋಣೆಗೆ ಕಿಟಕಿ ಒಡೆದು, ಸುಣ್ಣ ಬಳಿದು, ಮದುಮಕ್ಕಳಿಗೆ ಕೊಟ್ಟರು. ಅವಳ ಚಾಪೆ ಒಲೆಯ ಹಿಂದಕ್ಕೆ ಹೋಯಿತು. ಅವಳನ್ನು ಕೇಳಲಿಲ್ಲ, ಕೇಳುವ ಕಾರಣವೇ ಇರಲಿಲ್ಲ. ಹೋಗು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಇರಲಿ ಪಾಪ, ಎಂದು ಹೇಳುತ್ತಿದ್ದರು, ದಿನವೂ, ಅವಳಿಗೆ ಕೇಳುವ ಹಾಗೆ. ಒಲೆಯ ಹಿಂದೆಯೇ ತೀರಿಕೊಂಡಳು. ಅಪ್ಪ ಅತ್ತ, ನಿಜವಾಗಿಯೇ ಅತ್ತ. ಅವನು ಕೆಟ್ಟವನಾಗಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿರಲಿಲ್ಲ. ಅವನು ಹೋಗಿಯೂ ಈಗ ವರ್ಷಗಳಾದವು. ತರಗತಿಯಲ್ಲಿ ನನ್ನ ಮಕ್ಕಳು ದೂರದ ದೇಶಗಳಲ್ಲಿ ನೆಲ ಕಳೆದುಕೊಂಡವರ ಬಗ್ಗೆ ಮಾತಾಡುವಾಗ ಅವರ ಕಣ್ಣು ತುಂಬುತ್ತಿತ್ತು. ಒಳ್ಳೆಯ ಮಕ್ಕಳು. ಜಗತ್ತಿನ ಎಲ್ಲರಿಗೂ ನ್ಯಾಯ ಬೇಕು ಎನ್ನುತ್ತಿದ್ದರು. ನಿಮ್ಮ ಅಕ್ಕನಿಂದ ಸಹಿ ಹಾಕಿಸಿಕೊಳ್ಳುತ್ತೀರಾ ಎಂದು ನಾನು ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಈ ಸಲ ಭೂಮಿ ಹುಣ್ಣಿಮೆಗೆ ಒಂದು ವಾರವಿರುವಾಗ ಗಣಪನ ಮಗ ಸಂತೋಷ ಶಿರಸಿಯ ನನ್ನ ಮನೆಗೆ ಬಂದ. ತೆಂಗಿನಕಾಯಿ, ಮನೆಯ ಗದ್ದೆಯ ಅಕ್ಕಿ, ಒಂದು ರೇಷ್ಮೆ ಸೀರೆ. ಎತ್ತಿ ಆಡಿಸಿದ ಹುಡುಗ, ಬಂದರೆ ಮನೆ ತುಂಬುತ್ತದೆ.

"ಅತ್ತೆ, ಪಹಣಿ ಅಪ್ಪನ ಒಬ್ಬನ ಹೆಸರಿಗೆ ಮಾಡ್ಸಬೇಕಾಗ್ಯದೆ. ನಿಮ್ದೊಂದು ಸಹಿ."

ನಾನು ತೆಂಗಿನಕಾಯಿಯನ್ನು ಮೂಲೆಗೆ ಎತ್ತಿಟ್ಟೆ.

"ನಿಮಗೆ ಪೆನ್ಷನ್ ಬರ್ತದೆ. ಆ ಗದ್ದೆ ತಕಂಡು ಎಂತ ಮಾಡ್ತ್ರಿ? ಬೇಕಾದ್ದು ಕೇಳ್ರಿ, ಅಪ್ಪ ಕೊಡೂದಿಲ್ವಾ?"

ಮೂರು ತಲೆಮಾರು, ಅದೇ ಮಾತು. ಒಡೆಯರಿಂದ ಅಪ್ಪನಿಗೆ, ಅಪ್ಪನಿಂದ ಮೊಮ್ಮಗನಿಗೆ, ಗದ್ದೆಯ ಜೊತೆ ಇದೂ ಇಳಿದು ಬಂದಿದೆ. ನನಗೆ ಆ ಗದ್ದೆ ಬೇಕಾಗಿಲ್ಲ, ಅದು ನಿಜ. ಬೇಕಾದವರಿಗೆ ಮಾತ್ರ ಇರುವುದು ಹಕ್ಕಲ್ಲ. ಆದರೆ ಅದನ್ನೆಲ್ಲ ಪಾಠ ಮಾಡಿ ನನಗೆ ಸಾಕಾಗಿತ್ತು. ಊಟ ಮಾಡಿಕೊಂಡು ಹೋಗು ಎಂದು ಒಳಗೆ ಹೋಗಿ ಕಾಯಿ ತುರಿಯಲು ಕೂತೆ. ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದು ಒಂದೇ ಎಲೆ ಹಾಕಿದೆ. ಸೆರಗು ಸಿಕ್ಕಿಸಿಕೊಂಡು ನಾನೇ ಬಡಿಸಿದೆ. ಅನ್ನ, ಸಾರು, ಹಪ್ಪಳ. ಸಾಕು ಎಂದರೂ ಬಿಡದೆ ಎರಡನೆಯ ಸಲ ಪಾಯಸ ಹಾಕಿದೆ. ಅವನು ಎಲೆ ಬಳಿದು ಉಂಡ, ಇಂಥ ಪಾಯಸ ಮನೆಯಲ್ಲಿ ಯಾರೂ ಮಾಡುವುದಿಲ್ಲ ಎಂದ. ಕೈ ತೊಳೆದು ಬಂದು, ಕಾಗದ ಬಿಡಿಸಿ, ಪೆನ್ನಿನ ಟೊಪ್ಪಿ ತೆಗೆದು ನನ್ನ ಮುಂದೆ ಇಟ್ಟ. ನಾನು ಸೀರೆಯ ಪೊಟ್ಟಣವನ್ನು ಅವನ ಕೈಗೆ ತಿರುಗಿ ಕೊಟ್ಟೆ.

"ನಮ್ಮ ಮನೇಲಿ ಹಕ್ಕು ಬಿಟ್ಟವರಿಗೆ ಹೀಂಗೇ ಬಡಿಸೂದು, ಸಂತೋಷ," ಅಂದೆ. "ಗೌರಜ್ಜಿಗೆ ನಿನ್ನ ಅಜ್ಜ ಬಡಿಸಿದ್ದ. ಇವತ್ತು ಉಂಡವ ನೀನು. ಗಣಪನಿಗೆ ಹೇಳು, ಈ ವರ್ಷ ಬುಟ್ಟಿ ಹೊರೂಕೆ ನಾ ಬರ್ತೆ."